ಬಿರುಕು ತೋರಿಸಿ ಮಾರಿದ ಮನೆ

(ಕಲಬುರಗಿಯಲ್ಲಿ ನಿವೃತ್ತ ನೌಕರರ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಬರೆಯುವಾಗ ಆಯಾ ಜಾಗದಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ನಾನು ಸಿವಿಲ್ ಎಂಜಿನಿಯರ್. ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕುಗಳಿಗಾಗಿ ಮನೆಗಳ ಮೌಲ್ಯಮಾಪನ ಮಾಡುತ್ತಿದ್ದೇನೆ. ಯಾರಾದರೂ ಸಾಲ ತೆಗೆದು ಮನೆ ಕೊಳ್ಳಲು ಹೊರಟರೆ ಬ್ಯಾಂಕು ಆ ಮನೆಗೆ ನನ್ನನ್ನು ಕಳಿಸುತ್ತದೆ. ಟೇಪು ಹಿಡಿದು ಅಳೆಯುತ್ತೇನೆ, ಗೋಡೆ ತಟ್ಟಿ ನೋಡುತ್ತೇನೆ, ಮಾಳಿಗೆ (ತಾರಸಿ) ಹತ್ತುತ್ತೇನೆ, ಕಾಗದಪತ್ರ ತಿರುವಿ ಹಾಕುತ್ತೇನೆ. ಈ ಓಡಾಟದಲ್ಲಿ ಅರ್ಧಕ್ಕೆ ಮುರಿದುಬಿದ್ದ ವ್ಯವಹಾರಗಳನ್ನು ಬಹಳ ಕಂಡಿದ್ದೇನೆ. ಬೆಲೆಗೆ ಮುರಿದವು ಕಡಿಮೆ. ಅನುಮಾನಕ್ಕೆ ಮುರಿದವೇ ಹೆಚ್ಚು. ಕೊಳ್ಳಲು ಬಂದವರ ಮನಸ್ಸಿನಲ್ಲಿ ಒಂದು ಅನುಮಾನ ಹೊಕ್ಕರೆ ಸಾಕು, ಅವರು ಜಗಳ ಮಾಡುವುದಿಲ್ಲ, ಚೌಕಾಸಿಯನ್ನೂ ಮಾಡುವುದಿಲ್ಲ. "ಮನೆಯಲ್ಲಿ ಕೇಳಿ ಹೇಳುತ್ತೇವೆ" ಎಂದು ಎದ್ದು ಹೋಗುತ್ತಾರೆ. ಆಮೇಲೆ ಫೋನು ಎತ್ತುವುದಿಲ್ಲ.

ಆದ್ದರಿಂದ ಮನೆಯನ್ನು ಮಾರಾಟಕ್ಕೆ ಅಣಿಮಾಡುವುದೆಂದರೆ ನನ್ನ ಪ್ರಕಾರ ಒಂದೇ ಕೆಲಸ: ಕೊಳ್ಳುವವರಿಗೆ ಯಾವ ಯಾವ ಅನುಮಾನ ಬರಬಹುದು ಎಂದು ಅವರಿಗಿಂತ ಮೊದಲು ನಾವೇ ಹುಡುಕಿ, ಅದಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳುವುದು. ಬಣ್ಣ, ತೋರಣ, ಹೂಕುಂಡ ಇವೆಲ್ಲ ಆಮೇಲಿನವು.

ಮೊದಲು, ಬರುವವರು ಯಾರು ಎಂದು ನೋಡೋಣ. ನಮ್ಮ ಊರಿನಲ್ಲಿ ಮನೆ ಕೊಳ್ಳುವವರಲ್ಲಿ ದೊಡ್ಡ ಪಾಲು ಸುತ್ತಲಿನ ತಾಲ್ಲೂಕುಗಳವರದು. ಅಫಜಲಪುರ, ಜೇವರ್ಗಿ, ಆಳಂದ, ಚಿತ್ತಾಪುರ, ಸೇಡಂ. ಮಕ್ಕಳನ್ನು ಇಲ್ಲಿ ಓದಿಸಬೇಕು, ಬಾಡಿಗೆ ಕೊಟ್ಟು ಸಾಕಾಯಿತು, ಒಂದು ಮನೆ ಆಗಲಿ ಎಂದು ಬರುವ ರೈತರು. ಅವರ ಕೈಯಲ್ಲಿ ದುಡ್ಡು ಆಡುವುದು ತೊಗರಿ ಮಾರಿದ ಮೇಲೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿಯುತ್ತದೆ. ಅಲ್ಲಿಂದ ಯುಗಾದಿಯವರೆಗೆ ಅವರು ಮನೆ ನೋಡುತ್ತಾರೆ. ಹೋಳಿಯಾದ ಮೇಲೆ ಶರಣಬಸವೇಶ್ವರರ ಜಾತ್ರೆಗೆಂದು ಊರಿನವರೆಲ್ಲ ಬಂದಾಗ, ತೇರು ಎಳೆದು ಮರುದಿನ ಮನೆ ನೋಡಿ ಹೋದವರನ್ನು ನಾನು ಬಲ್ಲೆ. ಇನ್ನೊಂದು ಪಾಲು ನೌಕರರದು. ಇಲ್ಲಿ ಹೈಕೋರ್ಟಿನ ಪೀಠ 2013ರಲ್ಲಿ ಕಾಯಂ ಆಯಿತು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆ, ಅದೇ ರಸ್ತೆಯಲ್ಲಿ ಮುಂದೆ 2019ರಲ್ಲಿ ಶುರುವಾದ ವಿಮಾನ ನಿಲ್ದಾಣ. ಇವರು ಏಪ್ರಿಲ್, ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮುಂಚೆ ಬರುತ್ತಾರೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮನೆ ನೋಡುವವರು ಇರಬಹುದು, ಇಸಾರ, ಅಂದರೆ ಮುಂಗಡ, ಕೊಡುವವರು ಇರುವುದಿಲ್ಲ. ಹಾಗಾಗಿ ಮನೆ ಮಾರುವ ಮನಸ್ಸಿದ್ದರೆ ದಸರೆಯ ಹೊತ್ತಿಗೆ ಕಾಗದಪತ್ರ ಕೈಗೆತ್ತಿಕೊಳ್ಳಿ. ಸಂಕ್ರಾಂತಿಗೆ ಬೋರ್ಡು ಹಾಕಬಹುದು.

ಕಾಗದ ಎಂದೆ. ಅದನ್ನೇ ಮೊದಲು ಹೇಳಿ ಮುಗಿಸುತ್ತೇನೆ.

ನಿಮ್ಮಲ್ಲಿ ಬಹಳ ಮಂದಿ ನೌಕರಿಯಲ್ಲಿದ್ದಾಗ ಸಾಲ ತೆಗೆದು ಮನೆ ಕಟ್ಟಿದವರು. ಕೊನೆಯ ಕಂತು ಕಟ್ಟಿದ ದಿನ ಪೇಢಾ ಹಂಚಿದ್ದೀರಿ, ಬ್ಯಾಂಕಿನಿಂದ ಪತ್ರ ತಂದು ಕಪಾಟಿನಲ್ಲಿ ಇಟ್ಟಿದ್ದೀರಿ. ಆದರೆ ಸಾಲ ತೀರಿದ್ದು ಉಪನೋಂದಣಿ ಕಚೇರಿಯ ದಾಖಲೆಯಲ್ಲಿ ನಮೂದಾಗಿದೆಯೇ? ಎಷ್ಟೋ ಮನೆಗಳ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳ ಪಟ್ಟಿ) ತೆಗೆಸಿದಾಗ, ಹತ್ತು ವರ್ಷದ ಹಿಂದೆ ತೀರಿದ ಸಾಲ ಇನ್ನೂ ಅಲ್ಲೇ ಕೂತಿರುತ್ತದೆ. ಕೊಳ್ಳುವವರು ಅದನ್ನು ನೋಡಿ ಬೆಚ್ಚುತ್ತಾರೆ. ನೀವು "ಅದು ಎಂದೋ ತೀರಿದೆ" ಎಂದು ಬಾಯಿಯಲ್ಲಿ ಹೇಳಿದರೆ ಇನ್ನಷ್ಟು ಬೆಚ್ಚುತ್ತಾರೆ. ಅದಕ್ಕೇ ಬೋರ್ಡು ಹಾಕುವ ಮೊದಲು ಋಣಭಾರ ಪತ್ರವನ್ನು ನೀವೇ ತೆಗೆಸಿ ಓದಿ. ವ್ಯವಹಾರಗಳು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಅರ್ಜಿ ಕೊಡಬೇಕು. ಬ್ಯಾಂಕಿನ ವಕೀಲರು ಮೂವತ್ತು ವರ್ಷದ ಇತಿಹಾಸ ಕೇಳುವುದು ಸಾಮಾನ್ಯ, ಅಷ್ಟನ್ನೂ ತೆಗೆಸಿಬಿಡಿ.

ಇ-ಖಾತೆ, ಅಂದರೆ ಪಾಲಿಕೆಯ ಗಣಕೀಕೃತ ಆಸ್ತಿ ದಾಖಲೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಿಲ್ಲದೆ ನೋಂದಣಿ ಆಗುವುದಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು. ಖಾತೆಯಲ್ಲಿ, ಆಧಾರ್‌ನಲ್ಲಿ, ಕ್ರಯಪತ್ರದಲ್ಲಿ ಹೆಸರು ಒಂದೇ ಥರ ಇದೆಯೇ ನೋಡಿ. ನಮ್ಮ ಕಡೆ ಒಬ್ಬರೇ ಮನುಷ್ಯರು ಒಂದು ಕಾಗದದಲ್ಲಿ ಶರಣಪ್ಪ, ಇನ್ನೊಂದರಲ್ಲಿ ಶರಣಬಸಪ್ಪ ಆಗಿರುವುದು ದಿನನಿತ್ಯದ ಮಾತು. ಆಸ್ತಿ ತೆರಿಗೆಯ ರಸೀದಿ, ಕಟ್ಟಡ ಪರವಾನಗಿ, ನಕ್ಷೆ ಇವನ್ನು ಒಂದು ಕಡತದಲ್ಲಿ ಕ್ರಮವಾಗಿ ಜೋಡಿಸಿ, ನಕಲು ಮಾಡಿಸಿಡಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ.

ಹಳೆಯ ಊರಿನ ಮನೆಗಳವರಿಗೆ ಇನ್ನೊಂದು ಮಾತು. ಶಹಾಬಜಾರ, ಬ್ರಹ್ಮಪುರ, ರೋಜಾ ಕಡೆಯ ಮನೆಗಳ ಮೂಲಪತ್ರ ನಿಜಾಮರ ಕಾಲದ್ದಾಗಿರಬಹುದು. 1948ಕ್ಕಿಂತ ಹಿಂದಿನ ಪತ್ರಗಳು ಉರ್ದುವಿನಲ್ಲಿ ಇರುತ್ತವೆ, ಅಳತೆ ಗಜದಲ್ಲಿ, ದುಡ್ಡು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ, ವರ್ಷ ಅವರ ಕಂದಾಯದ ಲೆಕ್ಕವಾದ ಫಸಲಿಯಲ್ಲಿ. ಒಮ್ಮೆ ಒಂದು ಮನೆಯಲ್ಲಿ "1352" ಎಂದು ಬರೆದ ಪತ್ರವನ್ನು ನೋಡಿ, ಕೊಳ್ಳಲು ಬಂದಿದ್ದ ಹುಡುಗ ಅದು ನಕಲಿ ಕಾಗದ ಎಂದುಕೊಂಡು ಎದ್ದುಬಿಟ್ಟ. ಫಸಲಿ 1352 ಎಂದರೆ 1942-43 ಎಂದು ಅವನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅಂಥ ಪತ್ರ ನಿಮ್ಮಲ್ಲಿದ್ದರೆ ಉರ್ದು ಬಲ್ಲ ವಕೀಲರಿಂದ ಅನುವಾದ ಮಾಡಿಸಿ, ಸಹಿ ಹಾಕಿಸಿ, ಮೂಲದ ಜೊತೆಗೇ ಇಡಿ. ಎಂಬತ್ತು ವರ್ಷದ ಹಳೆಯ ಪತ್ರ ಮನೆಯ ದೊಡ್ಡ ಬಲ. ಓದಲು ಬಾರದಿದ್ದರೆ ಅದೇ ದೊಡ್ಡ ಅನುಮಾನವಾಗುತ್ತದೆ.

ಹೆಣ್ಣುಮಕ್ಕಳ ಸಹಿಯ ವಿಷಯವನ್ನು ನಾನು ಎಲ್ಲಿ ಮಾತನಾಡಿದರೂ ಒತ್ತಿ ಹೇಳುತ್ತೇನೆ. ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿದ ಮನೆ, ಉಯಿಲು ಬರೆಯದೆ ತೀರಿಕೊಂಡರು ಎಂದುಕೊಳ್ಳಿ. ಹಿಂದೂ ಕುಟುಂಬಗಳಲ್ಲಿ 1956ರ ಉತ್ತರಾಧಿಕಾರ ಕಾಯಿದೆಯಂತೆ ತಾಯಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಇದು ಇಂದು ನಿನ್ನೆಯ ಕಾನೂನಲ್ಲ, ನಾವು ಹುಟ್ಟುವ ಮೊದಲಿನದು. ಆದರೂ "ಅವಳನ್ನು ಕೊಟ್ಟು ಮೂವತ್ತು ವರ್ಷವಾಯಿತು, ಅವಳದೇನಿದೆ" ಎನ್ನುವ ಅಣ್ಣತಮ್ಮಂದಿರನ್ನು ನೋಡುತ್ತಲೇ ಇದ್ದೇನೆ. ಆ ತಂಗಿ ಕೇಳದೆ ಇರಬಹುದು; ಕೊಳ್ಳುವವರ ವಕೀಲರು ಕೇಳಿಯೇ ಕೇಳುತ್ತಾರೆ. ವಂಶವೃಕ್ಷ ಪ್ರಮಾಣಪತ್ರದಲ್ಲಿ ಅವಳ ಹೆಸರು ಇರಲೇಬೇಕು. ಮೊದಲೇ ಅವಳ ಮನೆಗೆ ಹೋಗಿ, ಉಡಿ ತುಂಬುವ ನೆಪದಲ್ಲಿ ಅಲ್ಲ, ಪಾಲಿನ ಮಾತು ನೇರವಾಗಿ ಆಡಿ. ಪಾಲು ಬೇಡ ಎಂದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲಿ. ಬೇಕು ಎಂದರೆ ಅವಳ ಪಾಲು ಅವಳ ಖಾತೆಗೆ ಹೋಗಲಿ.

ಈಗ ಮನೆಯೊಳಗೆ ಹೋಗೋಣ. ಇಲ್ಲಿ ನನ್ನ ತವರಿನ ಮನೆಯ ಕಥೆಯನ್ನೇ ಹೇಳಬೇಕು.

ಅಪ್ಪ ಶಾಲಾ ಮಾಸ್ತರರು. 1986ರಲ್ಲಿ ಜೇವರ್ಗಿ ರಸ್ತೆಯ ಕಡೆ 30-40ರ ಪ್ಲಾಟಿನಲ್ಲಿ ಮನೆ ಕಟ್ಟಿದರು. ನೆಲ ಎರೆ, ಅಂದರೆ ಕಪ್ಪು ಮಣ್ಣು. ಎರೆಮಣ್ಣಿನ ಗುಣ ನಿಮಗೆ ನಾನು ಹೇಳಬೇಕಿಲ್ಲ; ಮಳೆ ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಹೊಲದಲ್ಲಿ ಅದು ಮಾಡುವ ಕೆಲಸವನ್ನೇ ಮನೆಯ ಅಡಿಯಲ್ಲೂ ಮಾಡುತ್ತದೆ. ಮನೆಯ ನಡುವಿನ ಮಣ್ಣು ತಣ್ಣಗೆ ಮುಚ್ಚಿಕೊಂಡಿರುತ್ತದೆ, ಹೊರಗಿನ ಅಂಚಿನದು ಒಣಗುತ್ತದೆ, ನೆನೆಯುತ್ತದೆ, ಮತ್ತೆ ಒಣಗುತ್ತದೆ. ಮೂಲೆ ಕುಸಿಯುತ್ತದೆ, ಏಳುತ್ತದೆ. ಆಗ ಗೋಡೆ ಸೀಳುವುದು ಎಲ್ಲಿ ಬಲ ಕಡಿಮೆಯೋ ಅಲ್ಲಿ: ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ. ಎರೆಯನ್ನು ಪೂರ್ತಿ ಬಗೆದು ಗಟ್ಟಿ ನೆಲ ಮುಟ್ಟಿಸಿ ಅಡಿಪಾಯ ಹಾಕಬೇಕು. ಅಪ್ಪನ ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ.

1991ರ ಬೇಸಿಗೆಯಲ್ಲಿ ಪಡಸಾಲೆಯ ಕಿಟಕಿಯ ಮೇಲೆ ಬಿರುಕು ಬಂತು. ಗೌಂಡಿಯನ್ನು ಕರೆಸಿ ಗಿಲಾವು ಹಾಕಿಸಿದರೆ ಮರುವರ್ಷ ಮತ್ತೆ ಬಂತು. ಆಮೇಲೆ ಅಪ್ಪ ಮುಚ್ಚಿಸುವುದನ್ನು ಬಿಟ್ಟರು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಸಣ್ಣ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಿಂಗಳು, ವರ್ಷ ಬರೆಯತೊಡಗಿದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದ ಅದೇ ದುಂಡು ಅಕ್ಷರ. "ಮೇ 1993." "ನವೆಂಬರ್ 1993." ಹೊಸ ಗೆರೆ ಹಳೆಯದಕ್ಕಿಂತ ಒಂದು ಬೆರಳು ಮೇಲೆ. "ಮೇ 1996", ಇನ್ನೂ ಒಂದು ಬೆರಳು. ಹೀಗೆ ಬಿರುಕು ಏಣಿ ಹತ್ತಿದಂತೆ ಹತ್ತುತ್ತಾ ಹೋಯಿತು. ನಾನು ಎಂಜಿನಿಯರಿಂಗ್ ಓದುತ್ತಿದ್ದಾಗ, ಬಿರುಕು ಜೀವಂತವೋ ಸತ್ತಿದೆಯೋ ತಿಳಿಯಲು ಹೀಗೆ ಗುರುತು ಹಾಕಬೇಕು ಎಂದು ಮೇಷ್ಟರು ಪಾಠ ಹೇಳಿದರು. ನಮ್ಮಪ್ಪ ಅದನ್ನು ಯಾರಿಂದಲೂ ಕಲಿಯದೆ ಮಾಡಿದ್ದರು.

2003ರಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮನೆಯ ಸುತ್ತ ಮೂರು ಅಡಿ ಅಗಲಕ್ಕೆ ಫರಸಿ ಕಲ್ಲು ಹಾಸಿಸಿದೆವು. ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಟ್ಟು, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿದೆವು. ಗೋಡೆಯ ಬುಡದಲ್ಲಿ ಸೋರುತ್ತಿದ್ದ ಬಚ್ಚಲ ಕೊಳವೆ ಬದಲಿಸಿದೆವು. ಗೋಡೆಗೆ ಅಂಟಿಕೊಂಡಿದ್ದ ಬಾಳೆಯ ಬುಡಕ್ಕೆ ಅವ್ವ ದಿನಾ ನೀರು ಹಾಕುತ್ತಿದ್ದಳು, ಅದನ್ನು ಹಿತ್ತಿಲ ಆ ತುದಿಗೆ ಸಾಗಿಸಿದೆವು. ಮಣ್ಣಿಗೆ ಒಮ್ಮೆ ನೀರು, ಒಮ್ಮೆ ಒಣಗು ಎಂಬ ಆಟ ನಿಂತಿತು. ಅಪ್ಪ ಆಮೇಲೂ ಆಗಾಗ ಬೇಸಿಗೆಯಲ್ಲಿ ಗೆರೆ ಎಳೆದರು. 2004, 2006, 2009, 2013. ಎಲ್ಲವೂ ಒಂದರ ಮೇಲೊಂದು, ಅದೇ ಜಾಗದಲ್ಲಿ.

ಅಪ್ಪ 2016ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಮನೆ ಮಾರುವ ಮಾತು ಬಂದಾಗ ಅಣ್ಣ ಹೇಳಿದ್ದು: "ಮೊದಲು ಆ ಬಿರುಕಿಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿಬಿಡೋಣ. ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ." ಅಣ್ಣ ತಪ್ಪು ಮನುಷ್ಯ ಅಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಒಪ್ಪಲಿಲ್ಲ. ನಾನು ದಿನಾ ಬೇರೆಯವರ ಮನೆಗೆ ಹೋಗಿ ನೋಡುವುದೇ ಅದನ್ನು. ಇಡೀ ಗೋಡೆಗೆ ಹಳೆ ಬಣ್ಣ, ಕಿಟಕಿಯ ಮೇಲೆ ಮಾತ್ರ ಹೊಸದು. ಅಂಥ ಪಟ್ಟೆ ಕಂಡ ಕೂಡಲೇ ನನ್ನ ಕೈ ತಾನಾಗಿ ಅಲ್ಲಿಗೆ ಹೋಗಿ ತಟ್ಟುತ್ತದೆ. ಮುಚ್ಚಿದ್ದು ಗೊತ್ತಾದ ಮೇಲೆ ಮನೆಯವರು ಹೇಳುವ ಬೇರೆ ಯಾವ ಮಾತೂ ನನ್ನ ಕಿವಿಗೆ ಹೋಗುವುದಿಲ್ಲ. ಇನ್ನು ಕಾನೂನು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಸಾಮಾನ್ಯ ಎಚ್ಚರದಿಂದ ಕಾಣದಂಥ ಮುಖ್ಯ ದೋಷವನ್ನು ಹೇಳಲೇಬೇಕು ಎನ್ನುತ್ತದೆ.

ಹೀಗಾಗಿ ಪಡಸಾಲೆಯ ಎಲ್ಲ ಗೋಡೆಗೆ ತಿಳಿ ಬಣ್ಣ ಹೊಡೆಸಿದೆವು, ಆ ಕಿಟಕಿಯ ಮೇಲಿನ ಎರಡು ಅಡಿಯನ್ನು ಹಾಗೇ ಬಿಟ್ಟೆವು. ಮನೆ ನೋಡಲು ಬಂದವರನ್ನು ನಾನೇ ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ನಾಲ್ಕು ಜನ ಬಿರುಕು ನೋಡಿ ಹೋದವರು ತಿರುಗಿ ಬರಲಿಲ್ಲ, ಅದನ್ನೂ ಹೇಳಬೇಕು. ಐದನೆಯವರು ಅಫಜಲಪುರ ತಾಲ್ಲೂಕಿನ ರೈತರು. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಕುರ್ಚಿ ಎಳೆದುಕೊಂಡು ಹತ್ತಿ ನಿಂತು, ಪೆನ್ಸಿಲ್ ಗೆರೆಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಳಗಿಳಿದು, "ಎರೆ ನೆಲದಲ್ಲಿ ಬಿರುಕು ಇಲ್ಲದ ಮನೆ ತೋರಿಸಿದ್ದರೆ ನಾನು ನಂಬುತ್ತಿರಲಿಲ್ಲ, ಅಕ್ಕನವರೇ. ಇದು ನಿಂತಿದೆ. 2003ರಲ್ಲಿ ಏನು ಮಾಡಿದಿರಿ?" ಎಂದು ಕೇಳಿದರು. ಹೊರಗೆ ಕರೆದುಕೊಂಡು ಹೋಗಿ ಫರಸಿ ಹಾಸನ್ನು ತೋರಿಸಿದೆ. ನಾವು ಹೇಳಿದ ಬೆಲೆಗಿಂತ ಸ್ವಲ್ಪ ಇಳಿಸಿ ಕೇಳಿದರು, ಅದು ನ್ಯಾಯವಾದ ಇಳಿಕೆ. ಹದಿನೈದು ದಿನದಲ್ಲಿ ಇಸಾರ ಆಯಿತು.

ನಿಮ್ಮ ಮನೆಗೂ ಬಿರುಕು ಇದ್ದರೆ ಇವತ್ತೇ ಗುರುತು ಹಾಕಿ, ದಿನಾಂಕ ಬರೆಯಿರಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೆ ಅದು ನಿಂತಿದೆಯೋ ಬೆಳೆಯುತ್ತಿದೆಯೋ ತಿಳಿಯುತ್ತದೆ. ಬೆಳೆಯುತ್ತಿದ್ದರೆ ಬಣ್ಣಕ್ಕೆ ಇಟ್ಟ ದುಡ್ಡನ್ನು ಕೊಳವೆ, ಚರಂಡಿ, ಸುತ್ತಲಿನ ಫರಸಿಗೆ ಹಾಕಿ.

ನೆಲದ ವಿಷಯ ನನಗೆ ಸಂಕಟ ತರುವಂಥದ್ದು. ನಮ್ಮ ಹಳೆಯ ಮನೆಗಳಿಗೆಲ್ಲ ಶಹಾಬಾದ್ ಕಲ್ಲಿನ ಫರಸಿ. ಬೇಸಿಗೆಯ ಮಧ್ಯಾಹ್ನ ಬರಿ ಮೈಯಲ್ಲಿ ಅದರ ಮೇಲೆ ಮಲಗಿದವರಿಗೆ ಆ ತಂಪು ಗೊತ್ತು. ಮಾರುವ ಮುಂಚೆ ನೆಲ ಹೊಳೆಯಲಿ ಎಂದು ಯಾರೋ ಹೇಳಿದ್ದು ಕೇಳಿ, ಬಚ್ಚಲು ತೊಳೆಯುವ ಆ್ಯಸಿಡ್ ತಂದು ಸುರಿಯುತ್ತಾರೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೇ ಈ ಕಲ್ಲಿಗಾಗಿ. ಆ್ಯಸಿಡ್ ಬಿದ್ದ ಕೂಡಲೇ ಅದು ನೊರೆಯುತ್ತದೆ, ಸುಣ್ಣ ಕರಗುತ್ತದೆ, ನಲವತ್ತು ವರ್ಷ ಕಾಲು ಸವೆದು ಬಂದ ನುಣುಪು ಐದು ನಿಮಿಷದಲ್ಲಿ ಹೋಗಿ ಬೂದುಬೂದಾದ ಕಲೆ ಉಳಿಯುತ್ತದೆ. ಹೋದ ವರ್ಷ ಒಂದು ಮನೆಯಲ್ಲಿ ಪಡಸಾಲೆಯ ನಟ್ಟನಡುವೆ ಬಕೆಟ್ಟಿನ ಬುಡದಷ್ಟು ದುಂಡನೆಯ ಬಿಳಿ ಮಚ್ಚೆ ಕಂಡೆ. ಮನೆಯ ಯಜಮಾನತಿ ಅದರ ಮೇಲೆ ಚಾಪೆ ಹಾಸಿ, ಚಾಪೆಯ ಮೇಲೆ ತಾವೇ ಕುಳಿತಿದ್ದರು. ಬಂದವರಿಗೆ ಕಾಣಬಾರದೆಂದು ಎದ್ದೇ ಇರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಸಾಬೂನು ಪುಡಿ, ಬಿಸಿನೀರು, ತೆಂಗಿನ ನಾರಿನ ಬ್ರಷ್ಷು ಸಾಕು. ಕಲೆ ಹೋಗದಿದ್ದರೆ ಪಾಲಿಶ್ ಯಂತ್ರದವರನ್ನು ಕರೆಸಿ. ಫರಸಿಯನ್ನು ಕಿತ್ತು ಟೈಲ್ಸ್ ಹಾಕಿಸಬೇಕೇ ಎಂದು ಒಬ್ಬರು ಕೇಳಿದರು. ಬೇಡ. ಹಾಕಿದ ದುಡ್ಡು ತಿರುಗಿ ಬರುವುದಿಲ್ಲ, ಇರುವ ತಂಪೂ ಹೋಗುತ್ತದೆ.

ಬೋರಿನ ನೀರಿನ ಉಪ್ಪಿನಿಂದ ನಳಗಳ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟಿರುತ್ತದೆ. ಅದಕ್ಕೆ ನಿಂಬೆಹೋಳು ಉಜ್ಜಿ ತೊಳೆದರೆ ಸಾಕು, ಆದರೆ ಆ ಹುಳಿನೀರು ಕೆಳಗಿನ ಫರಸಿಗೆ ಬೀಳದಂತೆ ಬಟ್ಟೆ ಹಾಸಿಕೊಳ್ಳಿ.

ನೀರಿನ ಮಾತು ಬಂತಲ್ಲ. ಮನೆ ನೋಡಲು ಬರುವ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ಇದೇ: "ನಳ ಯಾವಾಗ ಬರುತ್ತದೆ?" ಭೀಮಾ, ಬೆಣ್ಣೆತೊರೆಯಿಂದ ಊರಿಗೆ ನೀರು ಬರುತ್ತದೆ ನಿಜ, ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ ಎಂಬುದೇ ಅವರಿಗೆ ಬೇಕಾದದ್ದು. ನಾವು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನಕ್ಕೆಲ್ಲ ಗುರುತು ಹಾಕುತ್ತೇವೆ. ಆ ಕ್ಯಾಲೆಂಡರನ್ನೇ ತೋರಿಸಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸಂಪು ಎಷ್ಟು ಲೀಟರಿನದು, ಬೋರು ಎಷ್ಟು ಅಡಿ, ಏಪ್ರಿಲ್‌ನಲ್ಲಿ ಎಷ್ಟು ಹೊತ್ತು ಎಳೆಯುತ್ತದೆ, ಇವನ್ನು ನಿಜವಾಗಿ ಹೇಳಿ. ಬೇಸಿಗೆಯಲ್ಲಿ ಬೋರು ಬತ್ತುವುದಾದರೆ ಬತ್ತುತ್ತದೆ ಎನ್ನಿ. ಪಕ್ಕದ ಮನೆಯವರು ಹೇಗೂ ಹೇಳುತ್ತಾರೆ. ಸಂಪು ಖಾಲಿ ಮಾಡಿ ತೊಳೆಸಿ, ಮುಚ್ಚಳ ತೆರೆದು ತೋರಿಸುವಂತೆ ಇರಲಿ. ಮೋಟಾರು ಹಾಕಿ ತೋರಿಸಿ.

ಮನೆ ತೋರಿಸುವ ಹೊತ್ತು ಬೆಳಗ್ಗೆ ಎಂಟರಿಂದ ಹತ್ತು. ಮೇ ತಿಂಗಳ ಮಧ್ಯಾಹ್ನ ನಲವತ್ತೆರಡು, ನಲವತ್ತಮೂರು ಡಿಗ್ರಿಯಲ್ಲಿ ಯಾರಿಗೆ ಯಾವ ಮನೆ ತೋರಿಸಿದರೂ ಅದು ಒಲೆಯಂತೆಯೇ ಕಾಣುತ್ತದೆ. ಆದರೆ ಮಧ್ಯಾಹ್ನವೂ ಬಂದು ನೋಡಬೇಕು ಎಂದು ಕೇಳಿದರೆ ತಡೆಯಬೇಡಿ. ಮಾಳಿಗೆಗೆ ಸುಣ್ಣ ಬಳಿಸಿದರೆ ಖರ್ಚು ಕಡಿಮೆ, ಒಳಗಿನ ಕಾವು ಇಳಿಯುವುದು ಮೈಗೇ ತಿಳಿಯುತ್ತದೆ. ಸೋರುವ ಜಾಗ ಇದ್ದರೆ ಮೊದಲು ಗಚ್ಚು ಮಾಡಿಸಿ, ಒಂದು ಮಳೆ ನೋಡಿ, ಆಮೇಲೆ ಒಳಗೆ ಬಣ್ಣ. ಉಲ್ಟಾ ಮಾಡಿದವರ ಹೊಸ ಬಣ್ಣದ ಮೇಲೆ ಶ್ರಾವಣದಲ್ಲಿ ಕಂದು ಕಲೆ ಇಳಿದದ್ದನ್ನು ಕಂಡಿದ್ದೇನೆ.

ವಾಸ್ತುವಿನ ಬಗ್ಗೆ ಚೀಟಿ ಬಂದಿದೆ. ಬಾಗಿಲು ದಕ್ಷಿಣಕ್ಕಿದೆ, ಒಡೆದು ಬದಲಿಸಿ ಮಾರಬೇಕೇ ಎಂದು. ಒಡೆಯಬೇಡಿ. ಒಬ್ಬೊಬ್ಬರ ಲೆಕ್ಕ ಒಂದೊಂದು. ಬರುವವರ ಲೆಕ್ಕಕ್ಕೆ ನೀವು ಮೊದಲೇ ಗೋಡೆ ಒಡೆದು ಕೂರಲಾಗದು. ದಿಕ್ಕನ್ನು ಫೋನಿನಲ್ಲೇ ಹೇಳಿಬಿಡಿ, ಬೇಡದವರು ಬರುವ ಶ್ರಮ ತಪ್ಪುತ್ತದೆ.

ಸಾಮಾನು ಕಡಿಮೆ ಮಾಡಿ. ನಮ್ಮ ಮನೆಗಳಲ್ಲಿ ಕೊಟ್ಟಡಿ ತುಂಬ ಹಳೆಯ ಟ್ರಂಕು, ಗೋಣಿಚೀಲ, ಮುರಿದ ಕೂಲರು ತುಂಬಿರುತ್ತವೆ. ಕೋಣೆ ಎಷ್ಟು ದೊಡ್ಡದೆಂದು ಬಂದವರಿಗೆ ಕಾಣುವುದೇ ಇಲ್ಲ. ಆದರೆ ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳದೆ ಒಂದು ಚೊಂಬನ್ನೂ ಹೊರಹಾಕಬೇಡಿ. ಮನೆ ಮಾರುವ ತೀರ್ಮಾನವೇ ಅವರಿಗೆ ಭಾರ. ಪರಕೀಯರು ಬಂದು ಅಡುಗೆಮನೆಯ ಡಬ್ಬಿ ತೆರೆದು ನೋಡುವಾಗ ಅವರಿಗೆ ಆಗುವ ಸಂಕಟವನ್ನು ನಾವು ಎಣಿಸುವುದಿಲ್ಲ. ನಮ್ಮವ್ವ ಮೊದಲ ಎರಡು ಸಲ ಯಾರಾದರೂ ಬಂದಾಗ ದೇವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಆಮೇಲೆ ನಾವು ದಿನ ಗೊತ್ತುಮಾಡಿ, ಅವಳಿಗೆ ಹಿಂದಿನ ದಿನವೇ ಹೇಳಿ, "ಯಾರು ಬರಬೇಕು, ಬೇಡ ಎಂದು ನೀನೇ ಹೇಳವ್ವಾ" ಎಂದೆವು. ಮೂರನೆಯ ಸಲ ಬಂದವರಿಗೆ ತಾನೇ ಚಹಾ ಕೊಟ್ಟಳು.

ಬೆಲೆಯನ್ನು ಓಣಿಯ ಮಾತಿನ ಮೇಲೆ ಕಟ್ಟಬೇಡಿ. "ಆ ಮೂಲೆಯ ಮನೆ ಇಷ್ಟಕ್ಕೆ ಹೋಯಿತಂತೆ" ಎಂಬ "ಅಂತೆ"ಯಿಂದ ಎಷ್ಟೋ ಮನೆಗಳು ಮೂರು ವರ್ಷ ಬೋರ್ಡು ಹೊತ್ತು ನಿಂತಿವೆ. ಸರ್ಕಾರದ ಮಾರ್ಗಸೂಚಿ ದರ ನೋಡಿ, ಈಚೆಗೆ ನಿಜವಾಗಿ ನೋಂದಣಿಯಾದ ಎರಡು ಮೂರು ಮನೆಗಳನ್ನು ವಿಚಾರಿಸಿ, ಒಬ್ಬ ಮೌಲ್ಯಮಾಪಕರಿಂದ ಬರೆಸಿಕೊಳ್ಳಿ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕೊಳ್ಳುವವರ ತಲೆಯ ಮೇಲೆ ಬೀಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ನಗದು ಮಾತು ಬಂದರೆ ಖಡಾಖಂಡಿತ ಬೇಡ ಎನ್ನಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇಕಡ 1ರಷ್ಟು ತೆರಿಗೆ ಮುರಿದುಕೊಂಡು ಕಟ್ಟಬೇಕು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯ ಲಾಭಕ್ಕೆ ಈಗಿನ ತೆರಿಗೆ ಶೇಕಡ 12.5. 2024ರ ಜುಲೈ 23ರ ಮೊದಲು ಕೊಂಡ ಮನೆಯಾದರೆ ಹಣದುಬ್ಬರ ಕಳೆದು ಶೇಕಡ 20ರ ಲೆಕ್ಕವನ್ನೂ ಹಾಕಿ ನೋಡಬಹುದು. ಇನ್ನೊಂದು ಮನೆ ಕೊಂಡರೆ ವಿನಾಯಿತಿ ಇದೆ. ಇದಕ್ಕೆ ಲೆಕ್ಕಪರಿಶೋಧಕರ ಹತ್ತಿರ ಹೋಗಿ, ನನ್ನ ಮಾತಿನ ಮೇಲೆ ನಿಲ್ಲಬೇಡಿ.

ಜಾಹೀರಾತಿಗೆ ಗೇಟಿನ ಬೋರ್ಡು, ಪರಿಚಯದ ದಲ್ಲಾಳಿ, ಮೊಬೈಲಿನಲ್ಲಿ ಹಾಕುವ ಚಿತ್ರಗಳು, ಮೂರೂ ಬೇಕು. ಚಿತ್ರವನ್ನು ಬೆಳಗಿನ ಬೆಳಕಿನಲ್ಲಿ, ಕಿಟಕಿ ತೆರೆದು, ಕೋಣೆಯ ಮೂಲೆಯಲ್ಲಿ ನಿಂತು ತೆಗೆಯಿರಿ. ಮಾಳಿಗೆ, ಸಂಪು, ಮನೆಯ ಮುಂದಿನ ರಸ್ತೆ, ಗಾಡಿ ನಿಲ್ಲುವ ಜಾಗ ಇರಲಿ. ಕಾಗದಪತ್ರಗಳ ಚಿತ್ರ ಹಾಕಬೇಡಿ. ಮನೆ ನೋಡದೆಯೇ "ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎನ್ನುವವರು ಮೋಸಗಾರರು. ದುಡ್ಡು ಪಡೆಯಲು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಿಲ್ಲ. ದಲ್ಲಾಳಿಗೆ ಕೊಡುವ ಕಮಿಷನ್ ಎಷ್ಟು ಎಂಬುದನ್ನು ಮೊದಲ ದಿನವೇ ಮಾತಾಡಿ ಮುಗಿಸಿ. ಇಸಾರವನ್ನು ಚೆಕ್ಕಿನಲ್ಲಿ ತೆಗೆದುಕೊಂಡು, ಉಳಿದದ್ದು ಯಾವ ದಿನದೊಳಗೆ, ತಪ್ಪಿದರೆ ಏನು, ಮನೆಯ ಜೊತೆ ಏನೇನು ಬಿಟ್ಟುಹೋಗುತ್ತೀರಿ ಎಂಬುದನ್ನೆಲ್ಲ ಬರೆಸಿ. ಫ್ಯಾನು, ಇನ್ವರ್ಟರು, ಸೋಲಾರು, ಮೋಟಾರು. ನೋಂದಣಿಯ ದಿನ ಫ್ಯಾನಿಗಾಗಿ ಜಗಳವಾದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ನೋಂದಣಿ ಆದ ಮೇಲೆ ಜೆಸ್ಕಾಂನ ವಿದ್ಯುತ್ ಮೀಟರು, ನಳದ ಜೋಡಣೆ ಹೊಸಬರ ಹೆಸರಿಗೆ ಹೋಗುವವರೆಗೆ ಹಳೆಯ ಬಿಲ್ಲುಗಳ ನಕಲು ನಿಮ್ಮ ಹತ್ತಿರ ಇರಲಿ.

ನಮ್ಮ ಮನೆಯ ಕೀಲಿ ಕೊಟ್ಟ ದಿನ ಬೆಳಗ್ಗೆ ನೀರು ಬರುವ ದಿನವಾಗಿತ್ತು. ಅವ್ವ ಆ ರೈತರ ಹೆಂಡತಿಯ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು. ಎರಡು ವಾಲ್ವುಗಳಲ್ಲಿ ಯಾವುದನ್ನು ಮೊದಲು ತಿರುಗಿಸಬೇಕು, ಮೋಟಾರು ಗಾಳಿ ಹಿಡಿದರೆ ಎಲ್ಲಿ ಒಂದು ಚೊಂಬು ನೀರು ಸುರಿಯಬೇಕು ಎಂದು ತೋರಿಸಿದಳು. ಆ ಹೆಣ್ಣುಮಗಳು ಎರಡು ಸಲ ತಾನೇ ಮಾಡಿ ನೋಡಿದಳು. ಎರಡನೆಯ ಸಲ ಸಂಪಿಗೆ ನೀರು ಬೀಳುವ ಸದ್ದು ಕೇಳಿಸಿದ ಮೇಲೆ ಅವ್ವ ಸೆರಗಿಗೆ ಕೈ ಒರೆಸಿಕೊಂಡು, "ಬಾಳೆಗೆ ನೀರು ಹಾಕವ್ವ, ಆದರೆ ಗೋಡೆಯ ಹತ್ತಿರ ಮಾತ್ರ ನೆಡಬೇಡ" ಎಂದು ಹೇಳಿ ಆಟೋ ಹತ್ತಿದಳು.